ಮಸ್ಕಿಯಲ್ಲಿ ಇಳಿದ ಲಿಂಗಸುಗೂರು

ಸಿಂಧನೂರಿನಲ್ಲಿ ನನ್ನ ಮುಖ ಗೊತ್ತಿದ್ದವರು ಕಡಿಮೆ. ದನಿ ಗೊತ್ತಿಲ್ಲದವರು ಇಲ್ಲ. ಮಧ್ಯಾಹ್ನ ಉಂಡು ಆಗಷ್ಟೇ ಕಣ್ಣು ಮುಚ್ಚಿದವರ ಕಿಟಕಿಯ ಕೆಳಗೆ ಮೈಕು ಕಟ್ಟಿದ ಆಟೋ ಬಂದು ನಿಂತು, ‘ಬನ್ನಿ ಬನ್ನಿ, ಸೀರೆಗಳ ಭರ್ಜರಿ ಮಾರಾಟ’ ಎಂದು ಒದರುತ್ತದಲ್ಲ, ಅದು ನಾನು. ಅದರ ಹಿಂದೆಯೇ ‘ಯವ್ವಾ, ಇಷ್ಟು ಚಂದದ ಸೀರಿ ಎಲ್ಲಿ ತೊಗೊಂಡಿಬೇ?’ ಎಂದು ಕೇಳುವ ಹೆಂಗಸೂ ನಾನೇ. ಅವಳಿಗೆ ಅಂಗಡಿಯ ವಿಳಾಸ ಹೇಳುವ ಅವಳ ಅಕ್ಕನೂ ನಾನೇ. ಇದು ಹೊಟ್ಟೆಪಾಡು. ಮದುವೆ, ಗಣಪತಿ ಪೆಂಡಾಲು, ಕಾಲೇಜಿನ ಗ್ಯಾದರಿಂಗು ಇದ್ದರೆ ವೇದಿಕೆ ಹತ್ತಿ ಮಿಮಿಕ್ರಿ ಮಾಡುತ್ತೇನೆ. ನಮ್ಮ ಓಣಿಯ ಮೇಷ್ಟ್ರು, ವೋಟು ಕೇಳಲು ಬಂದವರು, ಗೆದ್ದ ಮೇಲೆ ಬರದವರು, ರೈಸ್‌ಮಿಲ್ಲಿನ ಸಾಹುಕಾರರು, ಯಾರನ್ನೂ ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ. ಹೆಣ್ಣು ನೋಡಲು ಹೋದಾಗ ‘ಹುಡುಗ ಏನ್ ಮಾಡ್ತಾನ್ರಿ?’ ಎಂದು ಕೇಳಿದರೆ ನನ್ನ ಗಂಟಲಿನಿಂದ ಆಡಿನ ಮರಿಯ ದನಿ ಬರುತ್ತದೆ. ಅದನ್ನೂ ಮಾಡಿ ತೋರಿಸುತ್ತೇನೆ. ಜನ ನಗುತ್ತಾರೆ, ಹೆಣ್ಣು ಕೊಡುವುದಿಲ್ಲ.

ಆದರೆ ನನ್ನ ಅಂಗಡಿಯ ಒಳ್ಳೆಯ ಮಾಲು ಎಂದರೆ ದೊಡ್ಡಪ್ಪ.

ನಮ್ಮ ಮನೆ, ದೊಡ್ಡಪ್ಪನ ಮನೆ ಒಂದೇ ಅಂಗಳದಲ್ಲಿವೆ. ಹೆಣ್ಣುಮಕ್ಕಳ ಮದುವೆಯಾಗಿ ಅಲ್ಲಿ ಈಗ ದೊಡ್ಡಪ್ಪ, ದೊಡ್ಡವ್ವ ಇಬ್ಬರೇ. ಅವರ ಅಡುಗೆಮನೆಯಲ್ಲಿ ಏನು ಬೆಂದರೂ ಮೊದಲು ವಾಸನೆ ಹಿಡಿಯುವವನು ನಾನು. ದೊಡ್ಡಪ್ಪ ಸರಕಾರಿ ಬಸ್ಸಿನ ಕಂಡಕ್ಟರನಾಗಿದ್ದವನು. ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು, ಮತ್ತೆ ವಾಪಸು. ನೌಕರಿಯ ಬಹುಪಾಲು ಇದೇ ದಾರಿ. ಟಿಕೆಟ್ ಹರಿಯುವುದು ಎಲ್ಲ ಕಂಡಕ್ಟರರಿಗೂ ಬರುತ್ತದೆ. ದೊಡ್ಡಪ್ಪನ ಕಸುಬು ಬೇರೆ ಇತ್ತು. ಹತ್ತಿದವನ ಮುಖವನ್ನು ಒಮ್ಮೆ ನೋಡಿದರೆ ಸಾಕು, ಅವನು ಎಲ್ಲಿ ಇಳಿಯಬೇಕು ಎಂಬುದು ದೊಡ್ಡಪ್ಪನ ತಲೆಯಲ್ಲಿ ಕೂತುಬಿಡುತ್ತಿತ್ತು. ಸ್ಟಾಪು ಬರುವ ಮುಂಚೆ ತಾನೇ ಹೋಗಿ ಭುಜ ತಟ್ಟುತ್ತಿದ್ದ. ‘ಏಳ್ರೀ ಯಜಮಾನ್ರ, ನಿಮ್ಮ ಕಾಲುವಿ ಪುಲ್ ಬಂತು. ಹೆಂಡ್ತಿ ನೆಪ್ಪಾಗಲಿಲ್ಲಂದ್ರೂ ಛತ್ರಿ ನೆಪ್ಪಿರಲಿ.’ ಹೀಗಾಗಿ ಅವನ ಬಸ್ಸು ಹತ್ತಿದವರು ಮನೆಯ ಹಾಸಿಗೆಗಿಂತ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದರು. ಅವನ ಬಸ್ಸಿನಲ್ಲಿ ಸ್ಟಾಪು ತಪ್ಪಿಸಿಕೊಂಡವರು ಯಾರೂ ಇಲ್ಲ ಎಂದು ಅವನೇ ಹೇಳುತ್ತಿದ್ದ. ನಾವು ನಂಬಿದ್ದೆವು. ಅಂಥ ದನಿ ಅದು. ತಗಡಿನ ಡಬ್ಬದಲ್ಲಿ ಶೇಂಗಾ ಅಲ್ಲಾಡಿಸಿದಂತೆ ಒರಟು, ಕೊನೆಯಲ್ಲಿ ಒಂದು ಎಳೆತ: ‘ಮುಂದ ಸರೀರಿ, ಮುಂದ ಸರೀರೀ... ಒಳಗ ಮದುವಿ ಮಾಡುವಷ್ಟು ಜಾಗ ಐತಿ!’

ನಿವೃತ್ತಿಯಾದ ಮೇಲೂ ದೊಡ್ಡಪ್ಪ ಪ್ರತಿ ಗುರುವಾರ ಇಸ್ತ್ರಿ ಅಂಗಿ ತೊಟ್ಟು, ಒಬ್ಬನೇ ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ, ಅಲ್ಲಿಯ ನಿಲ್ದಾಣದ ಚಹಾದಂಗಡಿಯಲ್ಲಿ ಹಳೆಯ ಡ್ರೈವರರ ಜೊತೆ ಕೂತು, ಸಂಜೆಗೆ ಬರುತ್ತಿದ್ದ. ಕಂಡಕ್ಟರನ ಸೀಟಿನ ಪಕ್ಕದ ಸೀಟು ಅವನದು. ಉಳಿದ ವಾರಗಳೆಲ್ಲ ಅವನಿಗೆ ಗುರುವಾರಕ್ಕೆ ಹೋಗುವ ದಾರಿಯ ಸ್ಟಾಪುಗಳು, ಅಷ್ಟೇ.

ಶುಗರ್ ಬಂದು ಅವನಿಗೆ ಬಹಳ ವರ್ಷವಾಗಿತ್ತು. ಅದೇನು ಹೆಚ್ಚುಗಾರಿಕೆಯಲ್ಲ. ನಮ್ಮ ಓಣಿಯಲ್ಲಿ ಶುಗರ್ ಇಲ್ಲದ ಹಿರಿಯರಿಗೆ ಕಟ್ಟೆಯ ಮೇಲೆ ಕೂರಲು ಜಾಗವನ್ನೇ ಕೊಡುವುದಿಲ್ಲ. ಮಾತಾಡಲು ಅವರ ಹತ್ತಿರ ವಿಷಯವೇನಿದೆ? ಕಾಲುವೆ ಬಂತು, ಕಾಲುವೆಯ ಹಿಂದೆ ಭತ್ತ ಬಂತು, ಜೋಳದ ರೊಟ್ಟಿ ಮುರಿಯುತ್ತಿದ್ದವರು ಮೂರು ಹೊತ್ತೂ ಅನ್ನಕ್ಕೆ ಕೂತರು, ಅನ್ನದ ಹಿಂದೆ ಶುಗರ್ ಬಂತು. ಶುಗರ್ ಬಂದಿದ್ದೇ ತಡ ಎಲ್ಲರೂ ಡಾಕ್ಟರಾದರು. ಒಬ್ಬರದು ಹಾಗಲಕಾಯಿ ರಸ, ಇನ್ನೊಬ್ಬರದು ನೆನೆಸಿದ ಮೆಂತ್ಯ, ಗೊರೇಬಾಳದ ಬೀಗರದು ಬೇವಿನ ಚಿಗುರು. ದೊಡ್ಡಪ್ಪ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಎಲ್ಲವನ್ನೂ ನುಂಗಿ, ಬಾಯಿ ಕಹಿಯಾಯಿತೆಂದು ಮೇಲೊಂದು ಜಿಲೇಬಿ ತಿನ್ನುತ್ತಿದ್ದ. ಕಟ್ಟೆಯ ಪಂಡಿತರ ಪ್ರಕಾರ ಶುಗರ್ ಎಂದರೆ ಕಾಲಿನ ರೋಗ, ಹೆಚ್ಚೆಂದರೆ ಕಣ್ಣಿನದು. ಕಾಲಿಗೆ ಗಾಯವಾಗದಂತೆ ನೋಡಿಕೊಂಡರೆ ಮುಗಿಯಿತು. ಹಾಗಾಗಿ ನಮ್ಮ ಮನೆಯವರೆಲ್ಲ ದೊಡ್ಡಪ್ಪನ ಪಾದವನ್ನು ನೋಡುತ್ತ ಕೂತಿದ್ದೆವು. ತಲೆಯ ಕಡೆ ಯಾರೂ ನೋಡಲಿಲ್ಲ.

ತಲೆಯಲ್ಲಿ ಏನೋ ನಡೆದಿತ್ತು. ‘ಉಂಡಿಯೇನಲೇ?’ ಎಂದು ಕೇಳುತ್ತಿದ್ದ. ಉಂಡೆ ಎಂದು ನಾನು ಅಂಗಳ ದಾಟಿ ಬರುವಷ್ಟರಲ್ಲಿ ಮತ್ತೆ ‘ಉಂಡಿಯೇನಲೇ?’ ಅಕ್ಕರೆ ಎಂದುಕೊಂಡೆ. ಅಕ್ಕರೆಯ ಲಾಭ ಪಡೆದು ಮತ್ತೆ ಉಂಡೆ. ಗುಳಿಗೆ ನುಂಗಿದ ಮೇಲೂ ‘ಗುಳಿಗಿ ಎಲ್ಲದಾವ?’ ಎಂದು ಹುಡುಕುತ್ತಿದ್ದ. ವಯಸ್ಸು ಎಂದುಕೊಂಡೆವು. ಇದನ್ನೆಲ್ಲ ನಾನು ಬಿಡುತ್ತೇನೆಯೇ? ಒಂದೊಂದನ್ನೂ ಹೆಕ್ಕಿ ವೇದಿಕೆಗೆ ಏರಿಸಿದೆ.

ಮಸ್ಕಿಯ ಪ್ರಸಂಗ ನಡೆದದ್ದು ಅಂಥ ಒಂದು ಗುರುವಾರ. ಲಿಂಗಸುಗೂರಿನಲ್ಲಿ ನನಗೊಂದು ಕಾರ್ಯಕ್ರಮವಿತ್ತು. ದೊಡ್ಡಪ್ಪನ ಜೊತೆಯಲ್ಲೇ ಹೊರಟೆ. ಆ ದಾರಿಯಲ್ಲಿ ಆಗ ಬರುತ್ತಿದ್ದವಳು ವಯಸ್ಸಿನ ಹುಡುಗಿ, ಹೊಸ ಕಂಡಕ್ಟರು. ದೊಡ್ಡಪ್ಪನನ್ನು ‘ಕಾಕಾರ’ ಎಂದು ಕರೆಯುತ್ತಿದ್ದಳು. ನನ್ನನ್ನು ‘ಏಯ್ ಆಟೋ ಮೈಕ್’ ಎಂದು. ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತಿತು. ಅವಳು ಕಂಟ್ರೋಲರರ ಕಡೆಗೆ ಹೋದಳು, ಡ್ರೈವರು ಚಹಾದ ಕಡೆಗೆ. ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿದ್ದ ದೊಡ್ಡಪ್ಪ ಥಟ್ಟನೆ ಎದ್ದ. ಹಣೆಯ ಮೇಲೆ ಬೆವರು. ಎದ್ದವನೇ ಹಳೆಯ ದನಿಯಲ್ಲಿ ಶುರುಮಾಡಿದ:

‘ಲಿಂಗಸೂರ್, ಲಿಂಗಸೂರ್! ಲಾಸ್ಟ್ ಸ್ಟಾಪ್! ಎಲ್ಲಾರೂ ಇಳೀರಿ! ಸಾಮಾನು ನೋಡ್ಕೊಳ್ರೀ... ಕೂಸು ಬಿಟ್ಟು ಇಳೀಬ್ಯಾಡ್ರಿ!’

ಬಸ್ಸು ಎದ್ದು ನಿಂತಿತು. ಅಕ್ಕಿಯ ಚೀಲದವರು ಚೀಲ ಹೊತ್ತರು. ಬೀಗರೂಟಕ್ಕೆ ಹೊರಟ ಒಂದು ದಂಡು ಬುಟ್ಟಿ ಸಮೇತ ಇಳಿಯಿತು. ಮುಂದಿನ ಸೀಟಿನ ಒಬ್ಬ ಯಜಮಾನರು, ಹುಟ್ಟಿದ್ದು ಬೆಳೆದದ್ದು ಎಲ್ಲ ಮಸ್ಕಿಯಲ್ಲೇ, ಆಗಷ್ಟೇ ಹತ್ತಿ ಕೂತವರು, ಕಣ್ಣ ಮುಂದೆ ತಮ್ಮೂರಿನ ಗುಡ್ಡ ಕಾಣುತ್ತಿದ್ದರೂ ಧೋತರ ಸರಿಮಾಡಿಕೊಂಡು ಇಳಿದರು. ‘ಜಲ್ದಿ ಬಂತಲ್ರೀ ಲಿಂಗಸೂರು!’ ಎಂದು ಅವರು ಖುಷಿಯಿಂದ ಹೇಳಿದ್ದು ನನ್ನ ಕಿವಿಗೆ ಬಿತ್ತು. ಏಕೆಂದರೆ ಅವರ ಹಿಂದೆಯೇ ನಾನು ಇಳಿಯುತ್ತಿದ್ದೆ.

ಹೌದು, ನಾನೂ ಇಳಿದೆ. ಊರಿನವರ ದನಿಯನ್ನೆಲ್ಲ ಕದ್ದು ತಿನ್ನುವವನು ಒಂದು ಅಸಲಿ ದನಿಗೆ ಕುರಿಯ ಹಾಗೆ ಇಳಿದು ನಿಂತೆ. ಕಂಡಕ್ಟರ್ ಹುಡುಗಿ ಬಂದು ನೋಡುತ್ತಾಳೆ, ಬಸ್ಸು ಖಾಲಿ, ಜನರೆಲ್ಲ ಕೆಳಗೆ ನಿಂತು ಆಟೋ ಕರೆಯುತ್ತಿದ್ದಾರೆ.

‘ಏನ್ರಪಾ, ಬಸ್ಸಿಗೆ ಬೆಂಕಿ ಬಿದ್ದೈತೇನು?’

‘ಇಲ್ಲವ್ವಾ, ಲಿಂಗಸೂರು ಬಂತಲ್ಲ!’

ಅವಳು ಬಸ್ಸಿನ ಬಾಗಿಲಲ್ಲಿ ಹೆಮ್ಮೆಯಿಂದ ನಿಂತಿದ್ದ ದೊಡ್ಡಪ್ಪನನ್ನು ನೋಡಿದಳು. ಬೈಯಲು ತೆರೆದ ಬಾಯಿಯನ್ನು ಮುಚ್ಚಿಕೊಂಡು, ‘ಕಾಕಾರ, ಒಂದು ಊರು ಮುಂದ ಐತ್ರಿ ಅದು. ಇವ್ರನ್ನ ಮತ್ತ ಹತ್ತಸಿಕೊಡ್ರಿ’ ಎಂದಳು. ದೊಡ್ಡಪ್ಪ ಅಷ್ಟೇ ಗತ್ತಿನಿಂದ ಎಲ್ಲರನ್ನೂ ಹತ್ತಿಸಿದ. ‘ಮುಂದ ಸರೀರಿ, ಮುಂದ ಸರೀರೀ...’

ನನಗೆ ಆ ಸಂಜೆ ಬೇರೆ ಐಟಂ ಬೇಕಾಗಲಿಲ್ಲ. ಲಿಂಗಸುಗೂರಿನಲ್ಲಿ ಅದನ್ನೇ ಮಾಡಿದೆ. ಪೆಂಡಾಲು ಬಿದ್ದುಬಿದ್ದು ನಕ್ಕಿತು. ಆಮೇಲೆ ಸಾಲಗುಂದದಲ್ಲಿ ಮಾಡಿದೆ. ಆಮೇಲೆ ತುರ್ವಿಹಾಳದಲ್ಲಿ, ನಮ್ಮ ಸಂಬಂಧಿಕರದೇ ಮದುವೆ, ದೊಡ್ಡವ್ವನೂ ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಣೆಯ ಬೆವರು ಒರೆಸಿಕೊಳ್ಳುವುದು, ಕಣ್ಣು ಮಿಟುಕಿಸುತ್ತ ಇದು ಯಾವ ಊರು ಎಂದು ನೋಡುವುದು, ಎಲ್ಲವನ್ನೂ ಹೂಬೇಹೂಬು ಮಾಡಿದೆ. ಜನ ಸೀಟಿ ಹೊಡೆದರು. ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗು ತಡೆಯಲಾಗುತ್ತಿಲ್ಲ ಎಂದುಕೊಂಡು ನಾನು ಇನ್ನಷ್ಟು ಹುರುಪಿಗೆ ಬಂದೆ.

ಕೈ ತೊಳೆಯುವ ಕಡೆ ನನ್ನ ತೋಳು ಹಿಡಿದಳು.

‘ತಮ್ಮಾ, ಭಾಳ ಚಂದ ಮಾಡಿದಿ. ಬೆವರು ಒರಸೂದು ಸುದ್ದಾ ಬಿಟ್ಟಿಲ್ಲ. ಬಸ್ಸಿನ್ಯಾಗಿನ ಅಷ್ಟೂ ಮಂದ್ಯಾಗ ಅವ್ರ ಮುಖಾ ಸರಿಯಾಗಿ ನೋಡಿದಾಂವ ನೀ ಒಬ್ಬನ.’

‘ಮತ್ತ? ಆರ್ಟಿಸ್ಟ್ ಅಂದ್ರ ಸುಮ್ಮನೇನು ದೊಡ್ಡವ್ವಾ!’

‘ನೋಡಿದಿ. ಆದ್ರ ಅವತ್ತ ಅವ್ರು ನಗಸಾಕ ಮಾಡಿದ್ದಲ್ಲೋ ಯಪ್ಪಾ.’

ಆಡಿನ ಮರಿಯ ದನಿಯೂ ಬರಲಿಲ್ಲ ನನಗೆ.

ಡಾಕ್ಟರಿಗೆ ತೋರಿಸೋಣ ಎಂದರೆ ದೊಡ್ಡಪ್ಪ ಒಪ್ಪಬೇಕಲ್ಲ. ‘ಲಿಂಗಸೂರಾಗ ತೋರ್ಸೂದಾದ್ರ ಬರ್ತೀನಿ. ಬಸ್ಸಿನ್ಯಾಗ ಆದ್ರ ಬರ್ತೀನಿ. ಗುರುವಾರ ಆದ್ರ ಬರ್ತೀನಿ’ ಎಂದ. ಹಾಗೆ ಒಂದು ಗುರುವಾರ ನಾವು ಮೂವರು ಲಿಂಗಸುಗೂರಿನ ಡಾಕ್ಟರರ ಮುಂದೆ ಕೂತೆವು. ರಕ್ತ ತೆಗೆದರು, ಬಿಪಿ ನೋಡಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಡಾಕ್ಟರು ಪ್ರಶ್ನೆ ಶುರುಮಾಡಿದರು.

‘ಅಜ್ಜಾರ, ಇವತ್ತು ಯಾವ ವಾರ?’

‘ಗುರುವಾರ!’ ದೊಡ್ಡಪ್ಪ ಎದೆಯುಬ್ಬಿಸಿದ. ಅದನ್ನು ತಪ್ಪುವ ಮಾತೇ ಇಲ್ಲ.

‘ಯಾವ ತಿಂಗಳು?’

ದೊಡ್ಡಪ್ಪ ದೊಡ್ಡವ್ವನ ಕಡೆ ನೋಡಿದ. ‘ನೀ ಹೇಳಬೇ. ಡಾಕ್ಟರ್ ಕೇಳಾಕತ್ತಾರ.’

‘ಬೆಳಿಗ್ಗೆ ಏನು ತಿಂಡಿ ಆಯ್ತ್ರಿ?’

‘ಈಕಿನ್ನ ಕೇಳ್ರಿ. ಮಾಡಿದಾಕಿ ಈಕಿ!’ ಎಂದು ನಕ್ಕ. ನಾನೂ ನಕ್ಕೆ. ಡಾಕ್ಟರು ನಗಲಿಲ್ಲ. ಪ್ರತಿ ಪ್ರಶ್ನೆಗೂ ದೊಡ್ಡಪ್ಪನ ಕುತ್ತಿಗೆ ದೊಡ್ಡವ್ವನ ಕಡೆಗೆ ತಿರುಗುವುದನ್ನು ಅವರು ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಇದು ನಾನು ಬಸ್ಸಿನಲ್ಲಿ ಸಾವಿರ ಸಲ ನೋಡಿದ ಆಟ. ಟಿಕೆಟ್ ಇಲ್ಲದವನು ಕಂಡಕ್ಟರು ಬಂದ ಕೂಡಲೇ ಧೈರ್ಯವಾಗಿ ಪಕ್ಕಕ್ಕೆ ಕೈ ತೋರಿಸುತ್ತಾನೆ: ‘ಟಿಕೆಟ್ ಅವ್ರ ಕಡೆ ಐತ್ರಿ.’ ಎಷ್ಟು ದಿನದಿಂದ ದೊಡ್ಡಪ್ಪ ಹೀಗೆ ದೊಡ್ಡವ್ವನ ಟಿಕೆಟ್ಟಿನ ಮೇಲೆ ಓಡಾಡುತ್ತಿದ್ದನೋ! ಅಂಥವರನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದವನು ಅವನೇ.

ಹಾಳೆ ಕೊಟ್ಟು ಗಡಿಯಾರ ಬರೆಯಿರಿ ಎಂದರು. ದೊಡ್ಡಪ್ಪ ಸೊಗಸಾದ ಗುಂಡು ಬರೆದ. ಅಂಕಿಗಳನ್ನು ಹಾಕುತ್ತ ಹೋದ. ಎಲ್ಲ ಅಂಕಿಗಳೂ ಬಲಗಡೆಯೇ ಒತ್ತೊತ್ತಿ ನಿಂತವು, ಸಂತೆಯ ದಿನ ಬಾಗಿಲ ಹತ್ತಿರವೇ ಜೋತುಬೀಳುವ ಜನರ ಹಾಗೆ. ಎಡಗಡೆ ಎಲ್ಲ ಖಾಲಿ. ನನ್ನ ತಲೆಯೊಳಗೆ ದೊಡ್ಡಪ್ಪನ ದನಿಯೇ ಒದರಿತು: ‘ಮುಂದ ಸರೀರಿ, ಒಳಗ ಜಾಗ ಐತಿ!’ ಈ ಸಲ ಅದನ್ನು ಹೊರಗೆ ಬಿಡಲಿಲ್ಲ. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ ಅವನ ಜೊತೆ ನಾನೂ ಮನಸ್ಸಿನಲ್ಲೇ ಕಳೆಯತೊಡಗಿ, ಅವನಿಗಿಂತ ಮುಂಚೆಯೇ ದಾರಿ ತಪ್ಪಿದೆ. ಡಾಕ್ಟರು ನನ್ನನ್ನು ಕೇಳದ್ದರಿಂದ ಮರ್ಯಾದೆ ಉಳಿಯಿತು.

ದೊಡ್ಡಪ್ಪನನ್ನು ನರ್ಸಮ್ಮನ ಜೊತೆ ಹೊರಗೆ ಕಳಿಸಿ ಡಾಕ್ಟರು ನಮಗೆ ತಿಳಿಸಿ ಹೇಳಿದರು. ಶುಗರ್ ಬರೇ ಕಾಲಿಗೆ ಬರುವ ರೋಗವಲ್ಲ. ವರ್ಷಗಟ್ಟಲೆ ಹಿಡಿತದಲ್ಲಿಲ್ಲದಿದ್ದರೆ ಮೈಯ ಸಣ್ಣ ಸಣ್ಣ ರಕ್ತನಾಳಗಳೆಲ್ಲ ಕೆಡುತ್ತವೆ, ತಲೆಯೊಳಗಿನವೂ. ವಯಸ್ಸಾದವರಲ್ಲಿ ನೆನಪು, ಲೆಕ್ಕ, ದಾರಿ, ಎಲ್ಲ ಮೆಲ್ಲಗೆ ಮಸುಕಾಗುತ್ತವೆ. ಅದರ ಮೇಲೆ ಇವರು ಮರೆತು ಗುಳಿಗೆಯನ್ನು ಎರಡೆರಡು ಸಲ ನುಂಗುತ್ತಿದ್ದಾರೆ, ಇಲ್ಲವೇ ನುಂಗಿ ಊಟ ಮರೆಯುತ್ತಿದ್ದಾರೆ. ಆಗ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಮಸ್ಕಿಯ ಬೆವರು ಅದೇ ಇದ್ದೀತು. ಹಾಗೆ ಇಳಿದಾಗಲೆಲ್ಲ ತಲೆಗೆ ಇನ್ನೊಂದು ಪೆಟ್ಟು.

‘ಹೋಗಿದ್ದು ಪೂರಾ ವಾಪಸ್ ಬರ್ತದ ಅಂತ ಹೇಳಂಗಿಲ್ಲ ನಾನು’ ಎಂದರು. ‘ಇದ್ದದ್ದನ್ನ ಕಾಯ್ಬಹುದು. ಗುಳಿಗಿ ನಿಮ್ಮ ಕೈಲೆ ಕೊಡ್ರಿ. ಊಟ ಹೊತ್ತಿಗೆ ಸರಿಯಾಗಿ ಆಗ್ಲಿ. ಬೆವರಿದ್ರ, ಕೈ ನಡುಗಿದ್ರ, ಮಾತು ತೊದಲಿದ್ರ, ನುಂಗುವಷ್ಟು ಎಚ್ಚರ ಇದ್ರ ತಡಾ ಮಾಡಬ್ಯಾಡ್ರಿ, ಸಕ್ಕರಿ ನೀರು ಕುಡಿಸಿ ಇಲ್ಲಿಗೆ ಓಡಿ ಬರ್ರಿ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ. ಮತ್ತ ಒಂದು: ಒಬ್ಬರನ್ನ ಬಸ್ಸಿನ್ಯಾಗ ಕಳಸಬ್ಯಾಡ್ರಿ.’

ಕೊನೆಯ ಮಾತಿಗೆ ದೊಡ್ಡವ್ವ ತಲೆ ತಗ್ಗಿಸಿದಳು. ‘ಗುಳಿಗಿ ಕೊಡ್ತೀನ್ರಿ, ಜಿಲೇಬಿ ಬಂದ್ ಮಾಡ್ತೀನ್ರಿ. ಬಸ್ ಬಂದ್ ಮಾಡಿದ್ರ ಅವ್ರು ಉಳಿಯಾಂಗಿಲ್ರಿ’ ಎಂದಳು. ಅವಳ ಗಂಟಲಿನಲ್ಲಿ ಇದ್ದ ಹೆದರಿಕೆಯ ದನಿಯನ್ನು ನಾನು ಇದುವರೆಗೆ ಮಾಡಿ ನೋಡಿಲ್ಲ.

ಮುಂದಿನ ಗುರುವಾರ ಹೇಗಾದರೂ ತಡೆಯಬೇಕಿತ್ತು. ನನ್ನ ಆಟೋ ಇತ್ತು, ಮೈಕು ಇತ್ತು, ಬುದ್ಧಿಯೊಂದನ್ನು ಬಿಟ್ಟು ಎಲ್ಲ ಇತ್ತು. ಬೆಳಿಗ್ಗೆ ದೊಡ್ಡಪ್ಪ ಗುಳಿಗೆ ನುಂಗಿ, ಅಂಗಿಯ ಗುಂಡಿ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಓಣಿಯಲ್ಲಿ ಆಟೋ ಹಾಯಿಸಿದೆ. ಅಧಿಕಾರಿಯ ಮೂಗುದನಿಯಲ್ಲಿ: ‘ಸಾರ್ವಜನಿಕರ ಗಮನಕ್ಕೆ. ನೌಕರರ ಮುಷ್ಕರದ ನಿಮಿತ್ತ ಇಂದು ಯಾವುದೇ ಬಸ್ಸುಗಳು ಓಡುವುದಿಲ್ಲ.’ ಓಣಿಯ ಮೇಷ್ಟ್ರು ಚಪ್ಪಲಿ ಬಿಚ್ಚಿ ಖುಷಿಯಿಂದ ಮತ್ತೆ ಮಲಗಿದರು. ಸಾಲಗುಂದಕ್ಕೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಸರಕಾರಕ್ಕೆ ಹಿಡಿಶಾಪ ಹಾಕಿದಳು. ಭಲೇ ಎಂದುಕೊಂಡು ನಾನು ಒಂದು ಸುತ್ತು ಹೊಡೆದು ಮನೆಗೆ ಬಂದರೆ, ದೊಡ್ಡವ್ವ ಅಂಗಳದ ನಡುವೆ ತಾಟು ಹಿಡಿದು ನಿಂತಿದ್ದಾಳೆ. ತಾಟಿನಲ್ಲಿ ಮುಟ್ಟದ ರೊಟ್ಟಿ.

‘ಎಲ್ಲಿ ದೊಡ್ಡಪ್ಪ?’

‘ಮುಷ್ಕರಕ್ಕ ಹೋಗ್ಯಾರ!’

ನಾನು ಮರೆತದ್ದು ಒಂದೇ. ದೊಡ್ಡಪ್ಪ ಸಂಘದ ಮನುಷ್ಯ. ನೌಕರಿಯಲ್ಲಿದ್ದಾಗ ಮುಷ್ಕರ ಎಂದರೆ ಮೊದಲು ಹೋಗಿ ಉಪವಾಸ ಕೂರುತ್ತಿದ್ದವನು, ಕೊನೆಗೆ ಏಳುತ್ತಿದ್ದವನು. ಮರೆವಿನ ಕಾಯಿಲೆ ಅವನಿಂದ ಬೆಳಗಿನ ತಿಂಡಿಯನ್ನು ಕಸಿದುಕೊಂಡಿತ್ತು; ಮುಷ್ಕರವನ್ನು ಮುಟ್ಟಿರಲಿಲ್ಲ. ಪೆಟ್ಟಿಗೆಯ ತಳದಿಂದ ಹಳೆಯ ಖಾಕಿ ಅಂಗಿ ಎಳೆದು ತೊಟ್ಟುಕೊಂಡು ಹೋಗಿದ್ದ. ‘ಉಂಡು ಹೋಗ್ರಿ’ ಎಂದು ಕೈ ಹಿಡಿದರೆ ದೊಡ್ಡವ್ವನಿಗೆ ಹೇಳಿದನಂತೆ: ‘ಉಪವಾಸ ಅಂದ ಮ್ಯಾಲ ಉಂಡು ಹೋಗ್ತಾರೇನಬೇ?’

ಹೊಟ್ಟೆಯಲ್ಲಿ ಗುಳಿಗೆ. ಮೇಲೆ ಉಪವಾಸ. ಸಿಂಧನೂರಿನ ಬಿಸಿಲು. ಈಗ ಡಾಕ್ಟರರ ಮಾತು ನನಗೂ ದೊಡ್ಡವ್ವನಿಗೂ ಒಟ್ಟಿಗೇ ನೆನಪಾಯಿತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಬಸ್ ನಿಲ್ದಾಣಕ್ಕೆ ಓಡಿಸಿದೆ. ದಾರಿಯುದ್ದಕ್ಕೂ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ನೆನಪಿಟ್ಟು ವೇದಿಕೆಗೆ ತರಬಹುದಿತ್ತು.

ನಿಲ್ದಾಣದ ಗೇಟಿನಲ್ಲಿ ದೊಡ್ಡಪ್ಪ ಟವೆಲು ಹಾಸಿ ಕೂತಿದ್ದ. ಪಕ್ಕದಲ್ಲೇ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪ್ರತಿ ಡ್ರೈವರನಿಗೂ ಕೈಯೆತ್ತಿ ಉಗಿಯುತ್ತಿದ್ದ: ‘ದ್ರೋಹಿಗಳ್ರಾ! ನಾಚಿಕಿ ಇಲ್ಲೇನಲೇ!’ ಅವರು ಪಾಪ, ಏನು ಮಾಡಿದೆವು ಎಂದು ತಿಳಿಯದೆ ಹಾರ್ನ್ ಹೊಡೆದು ನಮಸ್ಕಾರ ಮಾಡುತ್ತಿದ್ದರು. ಅವನ ಎದುರು ನಮ್ಮ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಹುಡುಗಿ ಮೊಣಕಾಲೂರಿ ಕೂತಿದ್ದಳು.

‘ಏಯ್ ಆಟೋ ಮೈಕ್, ಏನ್ ಮಾಡಿಟ್ಟಿಯೋ ಇದು? ಮೈಕಿನ್ಯಾಗ ಮುಷ್ಕರ ಅಂದ್ರು ಅಂತಾರ. ಕಾಕಾರ್ನ ನೋಡು, ಅಂಗಿ ಹಿಂಡಿದ್ರ ನೀರು ಬೀಳ್ತದ. ನೀರು ಸುದ್ದಾ ಮುಟ್ಟವಲ್ರು.’

ನಿಜ. ಖಾಕಿ ಅಂಗಿ ಬೆನ್ನಿಗೆ ಅಂಟಿತ್ತು. ಘೋಷಣೆಗೆ ಎತ್ತಿದ ಮುಷ್ಟಿ ನಡುಗುತ್ತಿತ್ತು. ‘ಕಾರ್ಮಿಕರ... ಕಾರ್ಮಿಕರ...’ ಎನ್ನುತ್ತಿದ್ದ, ಮುಂದಿನ ಮಾತು ಬರುತ್ತಿರಲಿಲ್ಲ. ದೊಡ್ಡವ್ವ ಸೆರಗಿನಲ್ಲಿ ಕಟ್ಟಿ ತಂದ ಸಕ್ಕರೆಯನ್ನು ಬಾಯಿಯ ಹತ್ತಿರ ಹಿಡಿದಳು. ಅವನು ಮುಖ ತಿರುಗಿಸಿದ. ‘ಬೇಡಿಕಿ... ಈಡೇರೂತನ... ತುತ್ತು ಮುಟ್ಟಾಂಗಿಲ್ಲ.’ ಬಾಯಿ ಗಟ್ಟಿ ಮುಚ್ಚಿದ. ಇಷ್ಟು ವರ್ಷ ಕದ್ದು ಜಿಲೇಬಿ ತಿಂದ ಬಾಯಿ, ಜೀವ ಹೋಗುವ ಹೊತ್ತಿನಲ್ಲಿ ಸಕ್ಕರೆ ಒಲ್ಲೆ ಎನ್ನುತ್ತಿದೆ.

‘ಯಪ್ಪಾ, ಏನರ ಮಾಡೋ’ ಎಂದಳು ದೊಡ್ಡವ್ವ. ಅಂದದ್ದು ಇಷ್ಟೇ. ಕಂಡಕ್ಟರ್ ಹುಡುಗಿ ಮಾತ್ರ ನನ್ನ ಕಾಲರು ಹಿಡಿದಳು. ‘ಮುಷ್ಕರ ಶುರು ಮಾಡಿದಾಂವ ನೀನ. ಮುಗಸಾಂವನೂ ನೀನ. ನಡಿ ಮೈಕಿಗೆ! ಉಪವಾಸ ಮುಗಿಯೂದು ಹೆಂಗ ಅಂತ ನನಗ ಗೊತ್ತೈತಿ.’ ಎಂದವಳೇ ಎದುರಿನ ಬಂಡಿಯವನ ಕಡೆ ಓಡಿ, ‘ಲಿಂಬಿ ಶರಬತ್ತು! ಸಕ್ಕರಿ ಎರಡು ಪಟ್ಟು ಹಾಕು!’ ಎಂದು ಕೂಗಿದಳು.

ನಾನು ಆಟೋಕ್ಕೆ ಹಾರಿದೆ. ಮೂಗುದನಿಯ ಅಧಿಕಾರಿ ಮತ್ತೆ ಬಂದ. ಈ ಸಲ ಅವನ ದನಿ ತುಸು ನಡುಗುತ್ತಿತ್ತು. ಅದು ನನ್ನ ಕಲೆಯಲ್ಲ. ‘ಎಲ್ಲರ ಗಮನಕ್ಕೆ! ನೌಕರರ ಎಲ್ಲಾ ಬೇಡಿಕೆಗಳನ್ನು ಒಪ್ಪಿಕೊಳ್ಳಲಾಗಿದೆ! ಮುಷ್ಕರ ಗೆದ್ದಿದೆ! ಉಪವಾಸ ಕೂತ ಹಿರಿಯರು ಶರಬತ್ತು ಕುಡಿದು ಸತ್ಯಾಗ್ರಹ ಮುಗಿಸಬೇಕಾಗಿ ವಿನಂತಿ!’

ಯಾವ ಬೇಡಿಕೆ, ಯಾರ ಗೆಲುವು, ನಿಂತವರಿಗೆ ಯಾರಿಗೂ ಗೊತ್ತಿಲ್ಲ. ಆದರೂ ಗೆಲುವು ಎಂದ ಮೇಲೆ ಚಪ್ಪಾಳೆ ಬೀಳಲೇಬೇಕು, ಬಿತ್ತು. ಡ್ರೈವರರಿಬ್ಬರು ಬಸ್ಸಿನಿಂದ ಇಳಿದು ಜೈಕಾರವನ್ನೂ ಹಾಕಿದರು. ದೊಡ್ಡಪ್ಪನ ಮುಖ ಸಡಿಲಾಯಿತು. ಕಂಡಕ್ಟರ್ ಹುಡುಗಿ ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಪದ್ಧತಿಯ ಪ್ರಕಾರ, ತಲೆ ಬಾಗಿಸಿ ಕೊಟ್ಟಳು. ದೊಡ್ಡಪ್ಪ ಅದೇ ಪದ್ಧತಿಯ ಪ್ರಕಾರ ಸುತ್ತ ನೆರೆದವರಿಗೆಲ್ಲ ನಮಸ್ಕಾರ ಮಾಡಿ, ಗಟಗಟ ಕುಡಿದ. ಇನ್ನೊಂದು ಗ್ಲಾಸನ್ನೂ ಕುಡಿದ. ದೊಡ್ಡವ್ವ ತನ್ನ ಸೆರಗಿನಿಂದ ಅವನ ಹಣೆ ಒರೆಸುತ್ತ, ಗಂಡನ ಬಾಯಿಗೆ ಸಕ್ಕರೆ ಹೋಗುವುದನ್ನು ಅಷ್ಟು ಆಸೆಯಿಂದ ನೋಡಿದ್ದು ಅವಳ ಮದುವೆಯ ದಿನ ಬಿಟ್ಟರೆ ಅವತ್ತೇ ಇರಬೇಕು.

ಸ್ವಲ್ಪ ಹೊತ್ತಿಗೆ ಕೈಯ ನಡುಕ ನಿಂತಿತು. ಕಣ್ಣು ನಮ್ಮನ್ನು ಗುರುತಿಸಿತು. ಗೇಟು, ಬಸ್ಸು, ಜನ, ತನ್ನ ಖಾಕಿ ಅಂಗಿ, ಎಲ್ಲವನ್ನೂ ಒಂದೊಂದಾಗಿ ನೋಡಿದ.

‘ಗೆದ್ದಿವೇನಲೇ?’

‘ಗೆದ್ದಿವಿ ದೊಡ್ಡಪ್ಪಾ.’

‘ಬೇಡಿಕಿ ಏನಿತ್ತು?’

ನಾನು ಅಧಿಕಾರಿಯಾಗಿ ಎಲ್ಲ ಬೇಡಿಕೆಗಳನ್ನು ಒಪ್ಪಿಬಿಟ್ಟಿದ್ದೆ, ಒಂದನ್ನೂ ಕೇಳಿರಲಿಲ್ಲ. ದೊಡ್ಡವ್ವನ ಮುಖ ನೋಡಿದೆ. ಅವಳು ಗಂಡನ ಅಂಗಿಯ ಮೇಲಿನ ಗುಂಡಿಯನ್ನು ಸರಿಮಾಡುತ್ತ ಹೇಳಿದಳು: ‘ಗುರುವಾರ ಲಿಂಗಸೂರು ಬಸ್ಸು ನಿಮ್ಮನ್ನ ಬಿಟ್ಟು ಹೋಗಬಾರದು ಅಂತ ಇತ್ರಿ.’

ದೊಡ್ಡಪ್ಪ ಯೋಚಿಸಿದ. ‘ಬರೋಬ್ಬರಿ ಬೇಡಿಕಿ’ ಎಂದ.

ಅವತ್ತು ಅದೇ ಬಸ್ಸಿನಲ್ಲಿ ಅವನನ್ನು ಕೂರಿಸಿಕೊಂಡು ನೇರ ಲಿಂಗಸುಗೂರಿನ ಡಾಕ್ಟರರ ಹತ್ತಿರ ಹೋದೆವು. ಬೈಗುಳ ತಿಂದೆವು. ಗುಳಿಗೆ ಬದಲಾಯಿತು, ಅದರ ಡಬ್ಬಿ ದೊಡ್ಡವ್ವನ ಕೈ ಸೇರಿತು. ಊಟ ಹೊತ್ತಿಗೆ ಸರಿಯಾಯಿತು, ಹಾಗಲಕಾಯಿ ಪಂಡಿತರಿಗೆ ಅಂಗಳದ ಬಾಗಿಲು ಬಂದಾಯಿತು. ಬಸ್ಸಿನ ವಿಷಯ ಬಂದಾಗ ಡಾಕ್ಟರು, ‘ಒಬ್ಬರನ್ನ ಕಳಸಬ್ಯಾಡ್ರಿ ಅಂದಿದ್ದೆ ನಾನು. ಕಳಸಲೇಬ್ಯಾಡ್ರಿ ಅಂದಿಲ್ಲ. ಮಂದಿ ಜೊತಿ ಮಾತು ತಲೀಗೆ ಒಳ್ಳೇದು’ ಎಂದರು. ನನಗೇ ಏಕೆ ಇದು ಮೊದಲು ಹೊಳೆಯಲಿಲ್ಲ ಎಂದರೆ, ಹೇಳಿದೆನಲ್ಲ, ನೂರರಲ್ಲಿ ಏಳು ಕಳೆಯಲು ಬಾರದವನು ನಾನು.

ಹಾಗಾಗಿ ಈಗ ಪ್ರತಿ ಗುರುವಾರ ನನ್ನದೂ ಡ್ಯೂಟಿ. ದೊಡ್ಡಪ್ಪ ಕಂಡಕ್ಟರ್ ಸೀಟಿನ ಪಕ್ಕ ಕೂರುತ್ತಾನೆ. ಅವನಿಗೆ ಕಾವಲು ಎಂದು ಗೊತ್ತಾಗಬಾರದೆಂದು ನಾನು ತಲೆಗೆ ಟವೆಲು ಸುತ್ತಿ, ಮೂಗಿನ ತನಕ ಮುಚ್ಚಿಕೊಂಡು, ಹಿಂದಿನ ಸೀಟಿನಲ್ಲಿ ಯಾವನೋ ಕಳ್ಳನಂತೆ ಕೂರುತ್ತೇನೆ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ. ಕಂಡಕ್ಟರ್ ಹುಡುಗಿ ಟಿಕೆಟ್ ಕೊಡುತ್ತಾಳೆ. ಊರು ಒದರುವ ಕೆಲಸ ದೊಡ್ಡಪ್ಪನದು. ‘ನನ್ನ ಗಂಟಲ ಉಳೀತದ ಬಿಡ್ರಿ ಕಾಕಾರ’ ಎಂದು ಅವಳೇ ಒಪ್ಪಿಸಿದ್ದಾಳೆ. ಆದರೆ ಮಸ್ಕಿಯಲ್ಲಿ ಮಾತ್ರ ಅವಳು ಕೆಳಗೆ ಇಳಿಯುವ ಮುಂಚೆ ಎಲ್ಲರಿಗೂ ಕೈಸನ್ನೆ ಮಾಡುತ್ತಾಳೆ: ಯಾರೇ ಒದರಲಿ, ಏಳಬ್ಯಾಡ್ರಿ.

ಕೆಲವು ಗುರುವಾರ ಎಲ್ಲ ಸ್ಟಾಪುಗಳೂ ಅವನ ಬಾಯಿಗೆ ಸಾಲಾಗಿ ಬರುತ್ತವೆ. ಕೆಲವು ದಿನ ಒಂದೆರಡು ಬರುವುದಿಲ್ಲ. ಇತ್ತೀಚಿನ ಒಂದು ಗುರುವಾರ, ಮಸ್ಕಿ ದಾಟಿದ ಮೇಲೆ, ಮೊದಲ ಸೀಟಿನಲ್ಲಿ ಒಬ್ಬ ಮುದುಕಿ ಬುಟ್ಟಿ ಅಪ್ಪಿಕೊಂಡು ನಿದ್ದೆ ಹೋಗಿದ್ದಳು. ದೊಡ್ಡಪ್ಪ ಎದ್ದು ಅವಳ ಹತ್ತಿರ ಹೋಗಿ ನಿಂತ. ಅವಳು ಇಳಿಯಬೇಕು ಎಂಬುದು ಅವನಿಗೆ ಗೊತ್ತು. ಮುಖ ನೋಡಿದ. ಕಿಟಕಿಯಾಚೆ ಬೇವಿನ ಗಿಡದ ಕ್ರಾಸು ಹತ್ತಿರ ಬರುತ್ತಿತ್ತು. ಅವನ ಬಾಯಿ ತೆರೆಯಿತು, ಹಾಗೆಯೇ ಉಳಿಯಿತು. ಕೈ ಕಂಬಿಯನ್ನು ಗಟ್ಟಿ ಹಿಡಿದಿತ್ತು. ಕಂಡಕ್ಟರ್ ಹುಡುಗಿ ನನ್ನ ಕಡೆ ನೋಡಿದಳು.

ಟವೆಲಿನೊಳಗಿಂದ ಬಿಟ್ಟೆ. ತಗಡಿನ ಡಬ್ಬ, ಶೇಂಗಾ, ಕೊನೆಯ ಎಳೆತ, ಎಲ್ಲ ಹಾಕಿ: ‘ಬೇವಿನಗಿಡದ ಕ್ರಾಸ್, ಕ್ರಾಸ್! ಏಳಬೇ ಯವ್ವಾ... ಬುಟ್ಟಿ ನೆಪ್ಪಿರಲೀ!’

ಮುದುಕಿ ಗಾಬರಿಯಿಂದ ಎದ್ದು, ಎದುರಿಗೆ ನಿಂತಿದ್ದ ದೊಡ್ಡಪ್ಪನ ಕೈ ಮುಟ್ಟಿ, ‘ಪುಣ್ಯಾ ಬರ್ಲಿ ಯಪ್ಪಾ, ಎಬ್ಬಿಸಿದಿ’ ಎಂದು ಇಳಿದು ಹೋದಳು. ದೊಡ್ಡಪ್ಪ ತಲೆಯಾಡಿಸಿದ, ತನ್ನ ದನಿ ಇವತ್ತು ಯಾಕೋ ಸ್ವಲ್ಪ ಹಿಂದಿನಿಂದ ಬಂತು ಎಂಬಂತೆ. ಆಮೇಲೆ ನಿಧಾನವಾಗಿ ಕಂಬಿ ಹಿಡಿಯುತ್ತ ಹಿಡಿಯುತ್ತ ಹಿಂದಿನ ಸೀಟಿಗೆ ಬಂದು, ನನ್ನ ಟವೆಲನ್ನು ಎರಡು ಬೆರಳಿನಿಂದ ಎತ್ತಿ ನೋಡಿದ.

‘ಲೇ ಮಂಗ್ಯಾ, ನನ್ನ ದನಿ ಅಷ್ಟ ಸಣ್ಣ ಇಲ್ಲ. ಇನ್ನಾ ಒಂಚೂರು ದಪ್ಪ ಮಾಡು.’

‘ಆತು ದೊಡ್ಡಪ್ಪಾ.’

‘ಟಿಕೆಟ್ ತೊಗೊಂಡಿಯೇನು?’

ತೊಗೊಂಡಿರಲಿಲ್ಲ. ವೇಷ ಹಾಕಿಕೊಳ್ಳುವ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದೆ. ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ನಾನು ಅವನತ್ತಲೇ ಕೈ ತೋರಿಸಿದೆ.

‘ಟಿಕೆಟ್ ನಿನ್ನ ಕಡೆ ಐತಿ ದೊಡ್ಡಪ್ಪಾ.’